133 ಪೌಂಡಿನ ಗಟ್ಟಿಗರು

ಬಾಕ್ಸಿಂಗ್ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಹೆವಿವೇಟ್‌ಗಳೇ. ಅಲಿ, ಫ್ರೇಜಿಯರ್, ಟೈಸನ್. ಆಳು ಎಷ್ಟು ದೊಡ್ಡವನೋ ಹೆಸರೂ ಅಷ್ಟೇ ದೊಡ್ಡದು. ನನಗೆ ಮಾತ್ರ ಹಳೇ ಕಾಲದ ಲೈಟ್‌ವೇಟ್‌ಗಳ ಹುಚ್ಚು. 133 ಪೌಂಡ್, ಅಂದರೆ ಸುಮಾರು 60 ಕೆ.ಜಿ. ತೂಗುತ್ತಿದ್ದವರು. ಬೀದಿಯಲ್ಲಿ ಎದುರಾದರೆ ಇವನೊಬ್ಬ ಜಟ್ಟಿ ಅಂತ ಯಾರಿಗೂ ಅನ್ನಿಸದಂಥ ಮೈಕಟ್ಟು. ಆದರೆ 1890ರಿಂದ 1920ರವರೆಗೆ ಅಮೆರಿಕದಲ್ಲಿ ಈ ತೂಕದವರು ಆಡಿದ ಪಂದ್ಯಗಳ ವಿವರ ಓದುತ್ತಾ ಹೋದರೆ ಯಾವುದೋ ಒಂದು ಹಂತದಲ್ಲಿ ಸಾಕು ಎದ್ದು ಹೋಗೋಣ ಅನ್ನಿಸುತ್ತದೆ. ಎದ್ದು ಹೋಗಿ, ನೀರು ಕುಡಿದು, ಮತ್ತೆ ಬಂದು ಓದುತ್ತೇನೆ.

ಈ ಕಾಲದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದೇ ಮಾತು ಹೇಳಿ ಮುಗಿಸುತ್ತಾರೆ. ಆಗಿನವರು ಗಟ್ಟಿ, ಈಗಿನವರು ಮೆತ್ತಗೆ. 40 ರೌಂಡ್, 42 ರೌಂಡ್, ಈಗ ಯಾರಿಂದ ಆಗುತ್ತೆ ಅಂತ. ಹೌದು, ಗಟ್ಟಿಯೇ. ಅದರಲ್ಲಿ ಸುಳ್ಳಿಲ್ಲ. ಆದರೆ ಆ ಗಟ್ಟಿತನ ಯಾರಿಗೆ ಬೇಕಿತ್ತು, ಅದರಿಂದ ಬಂದ ದುಡ್ಡು ಯಾರ ಜೇಬಿಗೆ ಹೋಯಿತು, ಅದರ ಸಾಲ ಯಾರು ತೀರಿಸಿದರು ಅಂತ ಕೇಳಲು ಶುರು ಮಾಡಿದರೆ ಅದೇ ಕಥೆ ಬೇರೆ ಥರ ಕಾಣಿಸುತ್ತದೆ.

ಮೊದಲು ಆಂಡಿ ಬೊವೆನ್. ಇವನು ವಿಶ್ವ ಚಾಂಪಿಯನ್ ಆದವನಲ್ಲ, ನ್ಯೂ ಆರ್ಲಿಯನ್ಸ್‌ನವನು. 1893ರ ಏಪ್ರಿಲ್ 6ರ ರಾತ್ರಿ ಅಲ್ಲೇ ಜ್ಯಾಕ್ ಬರ್ಕ್ ಎಂಬವನ ಜೊತೆ ರಿಂಗಿಗೆ ಇಳಿದ. ಇಷ್ಟೇ ರೌಂಡ್ ಎಂಬ ಮಿತಿ ಇರಲಿಲ್ಲ. ಒಬ್ಬ ಬಿದ್ದು ಏಳಲಾರದೆ ಹೋಗುವವರೆಗೂ ನಡೆಯಬೇಕು. ಇಬ್ಬರೂ ಹಾಗೆ ಬೀಳಲಿಲ್ಲ. 110 ರೌಂಡ್ ಆಯಿತು. 7 ಗಂಟೆ 19 ನಿಮಿಷ! ಬರ್ಕ್‌ನ ಎರಡೂ ಕೈ ಮುರಿದಿದ್ದವು. ನೋಡಲು ಬಂದವರು ಎಷ್ಟೋ ಜನ ಕೂತಲ್ಲೇ ನಿದ್ದೆ ಹೋಗಿದ್ದರಂತೆ. ಕೊನೆಗೆ ಇಬ್ಬರಿಗೂ ಇನ್ನು ಆಗುವುದಿಲ್ಲ ಅಂತ ರೆಫರಿಯೇ ನಿಲ್ಲಿಸಿದ. ಯಾರೂ ಗೆಲ್ಲಲಿಲ್ಲ. ಗ್ಲೌಸ್ ಹಾಕಿಕೊಂಡು ಆಡಿದ ಅತಿ ದೀರ್ಘ ಪಂದ್ಯ ಅಂತ ಇವತ್ತಿಗೂ ಕ್ವಿಜ್‌ಗಳಲ್ಲಿ ಕೇಳುತ್ತಾರೆ.

ಕ್ವಿಜ್‌ನಲ್ಲಿ ಕೇಳದ ಭಾಗ ಇನ್ನೊಂದಿದೆ. 20 ತಿಂಗಳ ನಂತರ, 1894ರ ಡಿಸೆಂಬರ್ 14ರಂದು, ಅದೇ ಊರಿನಲ್ಲಿ ಬೊವೆನ್ ಇನ್ನೊಂದು ಪಂದ್ಯ ಆಡಿದ. ಎದುರಾಳಿ ಜಾರ್ಜ್ ಲವೀನ್, ಎಲ್ಲರೂ ಕರೆಯುತ್ತಿದ್ದದ್ದು ಕಿಡ್ ಲವೀನ್ ಅಂತ. 18ನೇ ರೌಂಡಿನಲ್ಲಿ ಬೊವೆನ್ ಹಿಂದಕ್ಕೆ ಬಿದ್ದ. ರಿಂಗಿನ ನೆಲಕ್ಕೆ ಮೆತ್ತನೆಯದು ಏನೂ ಹಾಸಿರಲಿಲ್ಲ, ಬರೀ ಹಲಗೆ. ತಲೆ ಬಡಿಯಿತು. ಮರುದಿನ ತೀರಿಕೊಂಡ. ಲವೀನ್‌ನನ್ನು ಹಿಡಿದು ಒಳಗೆ ಹಾಕಿ, ತಪ್ಪು ನೆಲದ್ದು ಅಂತ ತೀರ್ಮಾನವಾದ ಮೇಲೆ ಬಿಟ್ಟರು. ಎರಡು ವರ್ಷದೊಳಗೆ ಅದೇ ಲವೀನ್ ಲಂಡನ್ನಿಗೆ ಹೋಗಿ ಡಿಕ್ ಬರ್ಜ್‌ನನ್ನು 17ನೇ ರೌಂಡಿನಲ್ಲಿ ಕೆಡವಿ ವಿಶ್ವ ಲೈಟ್‌ವೇಟ್ ಚಾಂಪಿಯನ್ ಆದ. ಅವನಿಗಿಂತ ಹಿಂದಿನ ಚಾಂಪಿಯನ್ ಜ್ಯಾಕ್ ಮೆಕಾಲಿಫ್ 1887ರಲ್ಲಿ ಜೆಮ್ ಕಾರ್ನಿ ಜೊತೆ 74 ರೌಂಡ್ ಆಡಿದ್ದ. ಅದು ಹೇಗೆ ಮುಗಿಯಿತು ಗೊತ್ತಾ? ಮೆಕಾಲಿಫ್ ಸೋಲುತ್ತಾನೆ ಅಂತ ಕಂಡಾಗ ಅವನ ಕಡೆಯವರೇ ರಿಂಗಿಗೆ ನುಗ್ಗಿದರು. ಡ್ರಾ ಅಂತ ಘೋಷಣೆಯಾಯಿತು. ಅವನು ಜೀವನಪೂರ್ತಿ ಒಂದೂ ಪಂದ್ಯ ಸೋಲದ ಚಾಂಪಿಯನ್ ಆಗಿ ಉಳಿದ. ನುಗ್ಗುವ ಸ್ನೇಹಿತರಿದ್ದರೆ ಯಾರು ಬೇಕಾದರೂ ಉಳಿಯಬಹುದು ಅಲ್ವಾ.

ಆ ಕಾಲದಲ್ಲಿ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಬಹುಮಾನಕ್ಕಾಗಿ ಹೊಡೆದಾಡುವುದು ಕಾನೂನುಬಾಹಿರ. ಹಾಗಾಗಿ ದೊಡ್ಡ ಪಂದ್ಯಗಳೆಲ್ಲ ಅಂಚಿನಲ್ಲಿ ನಡೆಯುತ್ತಿದ್ದವು. ಸ್ಯಾನ್ ಫ್ರಾನ್ಸಿಸ್ಕೊ ಊರ ಹೊರಗಿನ ಕೋಲ್ಮಾ, ಲಾಸ್ ಏಂಜಲಿಸ್ ಪಕ್ಕದ ವರ್ನನ್, ಗಡಿ ದಾಟಿದರೆ ಸಿಗುವ ಕೆನಡಾದ ಫೋರ್ಟ್ ಈರಿ, ನೆವಾಡದ ಮರುಭೂಮಿ. ಊರು ಬೇಡ ಅಂದಿದ್ದನ್ನೆಲ್ಲ ಊರಾಚೆ ಇಟ್ಟುಕೊಳ್ಳುವ ವ್ಯವಸ್ಥೆ. ಡಾಕ್ಟರು ಇರಲೇಬೇಕು, ಇಷ್ಟು ರೌಂಡ್‌ಗಿಂತ ಜಾಸ್ತಿ ಆಡಿಸಬಾರದು ಎಂಬ ನಿಯಮಗಳೆಲ್ಲ ಆಮೇಲೆ ಬಂದವು.

ಈಗ ಜೋ ಗ್ಯಾನ್ಸ್‌ಗೆ ಬರೋಣ. ನಾನು ಈ ಹುಚ್ಚಿಗೆ ಬಿದ್ದದ್ದೇ ಇವನಿಂದ.

ಹುಟ್ಟಿದ್ದು 1874, ಬಾಲ್ಟಿಮೋರ್. ಕಪ್ಪು ಹುಡುಗ. ಮೀನು ಮಾರುಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದ. ಬಾಕ್ಸಿಂಗ್‌ಗೆ ಬಂದ ಮೇಲೆ ಅವನಿಗೆ ಬಿದ್ದ ಅಡ್ಡಹೆಸರು ‘ಓಲ್ಡ್ ಮಾಸ್ಟರ್’. ನೇರವಾದ ಜಬ್ (ಮುಂದಿನ ಕೈಯ ಚುರುಕು ಗುದ್ದು), ಚಿಕ್ಕ ಚಿಕ್ಕ ಹೆಜ್ಜೆ, ಬರುವ ಏಟನ್ನು ಕೈಯಿಂದಲೇ ತಡೆದು ಅದೇ ಕ್ಷಣದಲ್ಲಿ ತಿರುಗಿ ಹೊಡೆಯುವುದು. ಅವನ ಪಂದ್ಯಗಳ ಫಿಲ್ಮ್ ತುಣುಕುಗಳು ಇಂಟರ್ನೆಟ್‌ನಲ್ಲಿ ಸಿಗುತ್ತವೆ, ನೋಡಿ. ಆ ಕಾಲದ ಉಳಿದ ಫಿಲ್ಮ್‌ಗಳಲ್ಲಿ ಎಲ್ಲರೂ ಕೈ ಬೀಸಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಿರುತ್ತಾರೆ. ಇವನೊಬ್ಬ ಮಾತ್ರ ಇವತ್ತಿನವನ ಹಾಗೆ ನಿಂತಿರುತ್ತಾನೆ. ಒಂದು ಹೆಜ್ಜೆಯೂ ದಂಡವಿಲ್ಲ.

1900ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಚಾಂಪಿಯನ್ ಫ್ರಾಂಕ್ ಅರ್ನ್ ಎದುರು ಅವನಿಗೆ ಮೊದಲ ಅವಕಾಶ ಸಿಕ್ಕಿತು. 12ನೇ ರೌಂಡಿನಲ್ಲಿ ಕಣ್ಣಿಗೆ ಭಾರೀ ಪೆಟ್ಟಾಯಿತು. ಗ್ಯಾನ್ಸ್ ಪಂದ್ಯ ನಿಲ್ಲಿಸಿ ಎಂದ. ಅಷ್ಟೇ ಸಾಕಾಯಿತು. ಇವನಿಗೆ ಧೈರ್ಯ ಸಾಲದು, ಕಪ್ಪು ಜನರಿಗೆ ಗುಂಡಿಗೆ ಕಮ್ಮಿ ಅಂತ ಮಾತು ಹುಟ್ಟಿಕೊಂಡಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಶಿಕಾಗೋದಲ್ಲಿ ಟೆರಿ ಮೆಕ್‌ಗವರ್ನ್ ಎದುರು ಎರಡೇ ರೌಂಡಿನಲ್ಲಿ ಬಿದ್ದ. ಅದು ಬೇಕಂತಲೇ ಬಿದ್ದದ್ದು ಅಂತ ನೋಡಿದವರಿಗೆ ಎಷ್ಟು ಗುಮಾನಿ ಬಂತು ಅಂದರೆ, ಶಿಕಾಗೋ ನಗರ ಬಾಕ್ಸಿಂಗನ್ನೇ ನಿಷೇಧಿಸಿತು. ಗ್ಯಾನ್ಸ್‌ನ ಮ್ಯಾನೇಜರ್ ಆಲ್ ಹರ್ಫರ್ಡ್ ಬಿಳಿಯ, ಜೂಜುಕೋರ. ಕಪ್ಪು ಬಾಕ್ಸರ್ ಎಲ್ಲಿ ಗೆಲ್ಲಬೇಕು, ಎಲ್ಲಿ ಸೋಲಬೇಕು, ಎಷ್ಟು ರೌಂಡ್ ಎಳೆಯಬೇಕು ಅಂತ ತೀರ್ಮಾನಿಸುವ ಜನ ಬೇರೆ ಇದ್ದ ಕಾಲ ಅದು. ಹಾಗಾಗಿ ಗ್ಯಾನ್ಸ್‌ನ ಸೋಲು ಗೆಲುವಿನ ಪಟ್ಟಿ ನೋಡಿ ಯಾರಾದರೂ ವಾದಕ್ಕೆ ಬಂದರೆ ನಾನು ಸುಮ್ನೆ ನಕ್ಕುಬಿಡುತ್ತೇನೆ.

ಎರಡು ವರ್ಷ ಕಾದ. 1902ರ ಮೇ 12ರಂದು ಫೋರ್ಟ್ ಈರಿಯಲ್ಲಿ ಅದೇ ಅರ್ನ್ ಮತ್ತೆ ಎದುರಾದ. ಒಂದು ನಿಮಿಷ ನಲವತ್ತು ಸೆಕೆಂಡ್. ಮೊದಲ ರೌಂಡಿನಲ್ಲೇ ಮುಗಿಸಿದ. ಅಮೆರಿಕದಲ್ಲಿ ಹುಟ್ಟಿದ ಕಪ್ಪು ಬಾಕ್ಸರ್ ಒಬ್ಬ ವಿಶ್ವ ಚಾಂಪಿಯನ್ ಆದದ್ದು ಅದೇ ಮೊದಲು. ಜ್ಯಾಕ್ ಜಾನ್ಸನ್ ಹೆವಿವೇಟ್ ಚಾಂಪಿಯನ್ ಆಗುವುದಕ್ಕೆ ಇನ್ನೂ ಆರು ವರ್ಷ ಇತ್ತು.

ಚಾಂಪಿಯನ್ ಆದರೂ ಕೈಯಲ್ಲಿ ದುಡ್ಡಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಜಿಮ್ಮಿ ಬ್ರಿಟ್ 1904ರಲ್ಲಿ ಇವನೆದುರು ಐದನೇ ರೌಂಡಿನಲ್ಲಿ ಫೌಲ್ ಮಾಡಿ ಸೋತ. ಸೋತವನು ಏನು ಮಾಡಬೇಕು? ಬ್ರಿಟ್ ತಾನು ‘ಬಿಳಿಯರ ಲೈಟ್‌ವೇಟ್ ಚಾಂಪಿಯನ್’ ಅಂದುಕೊಂಡು ಓಡಾಡಿದ. ಪತ್ರಿಕೆಗಳೂ ಅದನ್ನು ಗಂಭೀರವಾಗಿಯೇ ಬರೆದವು. ಆ ಇಲ್ಲದ ಪಟ್ಟವನ್ನು 1905ರ ಸೆಪ್ಟೆಂಬರ್‌ನಲ್ಲಿ ಕೋಲ್ಮಾದಲ್ಲಿ 18 ರೌಂಡ್ ಹೊಡೆದು ಬ್ರಿಟ್‌ನಿಂದ ಕಿತ್ತುಕೊಂಡವನು ಬ್ಯಾಟ್ಲಿಂಗ್ ನೆಲ್ಸನ್.

ನೆಲ್ಸನ್ ಬೇರೆಯೇ ಜಾತಿಯ ಪ್ರಾಣಿ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1882ರಲ್ಲಿ ಹುಟ್ಟಿದ, ಶಿಕಾಗೋದ ಅಂಚಿನ ಹೆಗೆವಿಶ್‌ನಲ್ಲಿ ಬೆಳೆದ. ಚಿಕ್ಕ ವಯಸ್ಸಿನಲ್ಲಿ ಕೆರೆಯ ಮೇಲಿನ ಮಂಜುಗಡ್ಡೆ ಕತ್ತರಿಸುವ ಕೆಲಸ, ಮಾಂಸ ಕಡಿಯುವ ಕೆಲಸ. ‘ಡ್ಯುರಬಲ್ ಡೇನ್’ ಅಂತ ಅವನಿಗೆ ಬಿರುದು. ಎಷ್ಟು ಹೊಡೆದರೂ ಮುರಿಯದವನು ಅಂತ. ಏಟು ತಪ್ಪಿಸಿಕೊಳ್ಳುವ ಯೋಚನೆಯೇ ಇಲ್ಲ. ಮೂರು ತಿಂದು ಒಂದು ಕೊಡುವುದು, ಆ ಒಂದನ್ನು ಪಕ್ಕೆಗೆ ಸರಿಯಾಗಿ ಕೊಡುವುದು. ಹತ್ತಿರ ಹೋದಾಗ ತಲೆ, ಮೊಣಕೈ, ಭುಜ ಎಲ್ಲವೂ ಕೆಲಸ ಮಾಡುತ್ತವೆ. ಎದುರಾಳಿ ಸುಸ್ತಾಗುವವರೆಗೆ ಕಾಯುವುದು. ರೌಂಡುಗಳ ಮಿತಿ ಇಲ್ಲದ ಕಾಲಕ್ಕೆ ಹೇಳಿ ಮಾಡಿಸಿದವನು. ಇವತ್ತಿನ 12 ರೌಂಡಿನ ಪಂದ್ಯಗಳಲ್ಲಿ ಇವನು ಪಾಯಿಂಟ್ ಮೇಲೆ ಸೋಲುತ್ತಲೇ ಇರುತ್ತಿದ್ದ ಅಂತ ನನ್ನ ಅಂದಾಜು.

ಇವರಿಬ್ಬರನ್ನೂ ಒಂದೇ ರಿಂಗಿಗೆ ತಂದದ್ದು ಚಿನ್ನ. ನೆವಾಡದ ಗೋಲ್ಡ್‌ಫೀಲ್ಡ್‌ನಲ್ಲಿ 1902ರಲ್ಲಿ ಚಿನ್ನ ಸಿಕ್ಕಿತ್ತು. ನಮ್ಮ ಕೋಲಾರದ ಗಣಿಯ ಹಾಗೆ ತಲೆಮಾರುಗಟ್ಟಲೆ ಬಾಳಿದ ಊರಲ್ಲ ಅದು. ನಾಲ್ಕೈದು ವರ್ಷದಲ್ಲಿ ಎದ್ದು ರಾಜ್ಯದ ಅತಿ ದೊಡ್ಡ ಊರಾಗಿ, ಅಷ್ಟೇ ಬೇಗ ಖಾಲಿಯಾಯಿತು. ಈಗ ಅಲ್ಲಿ ಕೆಲವು ನೂರು ಜನ ಇದ್ದಾರೆ. ಆದರೆ 1906ರಲ್ಲಿ ಅಲ್ಲಿ ದುಡ್ಡು ಹರಿಯುತ್ತಿತ್ತು, ಗಣಿಯ ಷೇರು ಮಾರಬೇಕಿತ್ತು, ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಗಬೇಕಿತ್ತು. ಅಲ್ಲಿ ಸಲೂನ್ ನಡೆಸುತ್ತಿದ್ದ ಟೆಕ್ಸ್ ರಿಕಾರ್ಡ್ ಎಂಬವನಿಗೆ ಒಂದು ಉಪಾಯ ಹೊಳೆಯಿತು. ಒಂದು ದೊಡ್ಡ ಬಾಕ್ಸಿಂಗ್ ಪಂದ್ಯ. 30,000 ಡಾಲರ್ ಬಹುಮಾನ. ಅದನ್ನು ಚಿನ್ನದ ನಾಣ್ಯಗಳಲ್ಲಿ ಬ್ಯಾಂಕಿನ ಕಿಟಕಿಯಲ್ಲಿ ಎಲ್ಲರಿಗೂ ಕಾಣುವಂತೆ ಪೇರಿಸಿಟ್ಟ. ಮುಂದೆ ನ್ಯೂಯಾರ್ಕ್‌ನಲ್ಲಿ ಹೊಸ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕಟ್ಟಿಸಿ, ಹೆವಿವೇಟ್ ಚಾಂಪಿಯನ್ ಜ್ಯಾಕ್ ಡೆಂಪ್ಸಿಯ ಪಂದ್ಯಗಳಿಗೆ ಲಕ್ಷ ಲಕ್ಷ ಡಾಲರ್ ಗೇಟ್ ಕಲೆಕ್ಷನ್ ತಂದ ಅದೇ ರಿಕಾರ್ಡ್. ಅವನ ಮೊದಲ ಪಂದ್ಯ ಇದು.

ನೆಲ್ಸನ್‌ನ ಮ್ಯಾನೇಜರ್ ಬಿಲ್ಲಿ ನೋಲನ್. ಇವನು ಹಾಕಿದ ಷರತ್ತುಗಳನ್ನು ಓದಿದರೆ ಇವತ್ತಿಗೂ ಮೈ ಉರಿಯುತ್ತದೆ. ಚಾಂಪಿಯನ್ ಗ್ಯಾನ್ಸ್. ಆದರೆ ಜಾಸ್ತಿ ದುಡ್ಡು ನೆಲ್ಸನ್‌ಗೆ. ಬಹುಮಾನ ಕೊನೆಗೆ 30,000 ದಾಟಿತ್ತು: ನೆಲ್ಸನ್‌ಗೆ 20,000ಕ್ಕೂ ಜಾಸ್ತಿ, ಗ್ಯಾನ್ಸ್‌ಗೆ ಸುಮಾರು 11,000. ತೂಕ 133 ಪೌಂಡ್. ಅದೂ ಬರೀ ಮೈಯಲ್ಲಿ ಅಲ್ಲ, ಆಡುವ ಬಟ್ಟೆ ಬೂಟು ಹಾಕಿಕೊಂಡು. ಅದೂ ಒಂದು ಸಲ ಅಲ್ಲ, ಪಂದ್ಯದ ದಿನವೇ ಮೂರು ಸಲ, ಕೊನೆಯದು ರಿಂಗಿನ ಪಕ್ಕದಲ್ಲೇ. ಅಂದರೆ ತೂಕ ಇಳಿಸಿದವನು ನಡುವೆ ಒಂದು ಲೋಟ ನೀರು ಕುಡಿದು ಚೇತರಿಸಿಕೊಳ್ಳುವ ಹಾಗಿಲ್ಲ. ಸೆಪ್ಟೆಂಬರ್ ಆರಂಭದ ಮರುಭೂಮಿ ಬಿಸಿಲು. ಗ್ಯಾನ್ಸ್‌ಗೆ ಆಗ 31 ವರ್ಷ, ತೂಕ ಇಳಿಸುವುದು ಕಷ್ಟವಾಗಿತ್ತು. ಕೈಯಲ್ಲಿ ಕಾಸಿರಲಿಲ್ಲ. ಒಪ್ಪಿಕೊಂಡ. ಹರ್ಫರ್ಡ್ ಆಗ ಜೊತೆಗಿರಲಿಲ್ಲ. ತಮಾಷೆ ಏನೆಂದರೆ, ನೋಲನ್ ಇಷ್ಟು ಹಿಂಡಿದ್ದನ್ನು ನೋಡಿ ಊರಿನ ಗಣಿ ಕೆಲಸಗಾರರೆಲ್ಲ ಗ್ಯಾನ್ಸ್ ಕಡೆ ತಿರುಗಿಬಿಟ್ಟರು. 1906ರ ಅಮೆರಿಕದಲ್ಲಿ ಬಿಳಿಯರ ಗುಂಪೊಂದು ಕಪ್ಪು ಬಾಕ್ಸರ್ ಪರ ಕೂಗಿದ್ದು ಸಣ್ಣ ವಿಷಯವಲ್ಲ.

ಸೆಪ್ಟೆಂಬರ್ 3, ಮಧ್ಯಾಹ್ನ ಮೂರರ ಬಿಸಿಲು. ರೆಫರಿ ಜಾರ್ಜ್ ಸೈಲರ್. ಲೋಕದ ಕಣ್ಣೆಲ್ಲ ನಿನ್ನ ಮೇಲಿದೆ, ಗೆದ್ದು ಬಾ ಎಂಬ ಅರ್ಥದ ತಂತಿಯೊಂದನ್ನು ಗ್ಯಾನ್ಸ್‌ನ ತಾಯಿ ಬಾಲ್ಟಿಮೋರ್‌ನಿಂದ ಕಳಿಸಿದ್ದಳು. ಮೊದಲ ಹತ್ತು ಹನ್ನೆರಡು ರೌಂಡ್ ಗ್ಯಾನ್ಸ್‌ನ ಪಾಠಶಾಲೆ. ನೆಲ್ಸನ್ ಬರುತ್ತಾನೆ, ಹೊಡೆಸಿಕೊಳ್ಳುತ್ತಾನೆ, ಮತ್ತೆ ಬರುತ್ತಾನೆ. ಹಲವು ಸಲ ಬಿದ್ದ, ಎದ್ದ. ತಲೆಯಿಂದ ಗುದ್ದುತ್ತಿದ್ದ, ರೆಫರಿ ಎಚ್ಚರಿಸುತ್ತಿದ್ದ, ಅವನು ಕೇಳುತ್ತಿರಲಿಲ್ಲ. 20 ಆಯಿತು, 25 ಆಯಿತು, 30 ಆಯಿತು. 33ನೇ ರೌಂಡಿನಲ್ಲಿ ಗ್ಯಾನ್ಸ್‌ನ ಕೈ ಮುರಿಯಿತು.

ಇಲ್ಲಿ ಅವನು ಮಾಡಿದ್ದು ನೋಡಿ. ನೋವಿನಿಂದ ಮುಖ ಹಿಂಡಿತು, ಅದನ್ನು ಎದುರಾಳಿ ನೋಡಿದ್ದಾನೆ. ಕೈ ಹೋಗಿದೆ ಅಂತ ಗೊತ್ತಾದರೆ ನೆಲ್ಸನ್ ಬಿಡುವುದಿಲ್ಲ. ಗ್ಯಾನ್ಸ್ ತಕ್ಷಣ ಕಾಲು ಕುಂಟಿದ. ಮೀನಖಂಡ ಹಿಡಿದುಕೊಂಡವನ ಹಾಗೆ, ಸೆಳೆತ ಬಂದವನ ಹಾಗೆ ನಟಿಸಿದ. ನಂತರ ಒಂಬತ್ತು ರೌಂಡ್ ಒಂದೇ ಕೈಯಲ್ಲಿ ಆಡಿದ. 42ನೇ ರೌಂಡಿನಲ್ಲಿ ನೆಲ್ಸನ್ ಸೊಂಟದ ಕೆಳಗೆ ಹೊಡೆದ. ಗ್ಯಾನ್ಸ್ ಬಿದ್ದ. ಸೈಲರ್ ಫೌಲ್ ಎಂದ, ಗ್ಯಾನ್ಸ್ ಗೆದ್ದ ಎಂದ. ಒಟ್ಟು ಎರಡೂ ಮುಕ್ಕಾಲು ಗಂಟೆಗೂ ಜಾಸ್ತಿ.

ಆರು ವರ್ಷದ ಹಿಂದೆ ಗುಂಡಿಗೆ ಇಲ್ಲ ಅಂತ ಅನ್ನಿಸಿಕೊಂಡವನು ಇವನೇ. ನನಗೆ ಆ ಕುಂಟಿದ ಕಾಲು 42 ರೌಂಡಿಗಿಂತ ದೊಡ್ಡದು. ಏಟು ತಿಂದು ನಿಲ್ಲುವುದು ಒಂದು ಬಗೆ. ಮುರಿದ ಕೈ ಇಟ್ಟುಕೊಂಡು, ಬಾಯಾರಿಕೆಯಿಂದ ಒಣಗಿದ ಮೈಯಲ್ಲಿ, ಆ ಹೊತ್ತಿನಲ್ಲೂ ಎದುರಾಳಿಯ ತಲೆಯೊಳಗೆ ಏನು ಓಡುತ್ತಿದೆ ಅಂತ ಲೆಕ್ಕ ಹಾಕುವುದು ಇನ್ನೊಂದು ಬಗೆ. ಇದನ್ನು ಯಾವ ಬಿರುದೂ ಹಿಡಿದಿಡಲಿಲ್ಲ. ‘ಡ್ಯುರಬಲ್’ ಅನ್ನಿಸಿಕೊಂಡವನು ನೆಲ್ಸನ್.

ಗೆದ್ದ ದುಡ್ಡಿನಲ್ಲಿ ಗ್ಯಾನ್ಸ್ ಬಾಲ್ಟಿಮೋರ್‌ನಲ್ಲಿ ಒಂದು ಹೋಟೆಲ್ ಶುರು ಮಾಡಿದ. ಹೆಸರು ಗೋಲ್ಡ್‌ಫೀಲ್ಡ್ ಹೋಟೆಲ್. ಅಲ್ಲಿ ಪಿಯಾನೊ ನುಡಿಸುತ್ತಿದ್ದ ಯುವಕ ಯೂಬಿ ಬ್ಲೇಕ್, ಮುಂದೆ ದೊಡ್ಡ ಹೆಸರು ಮಾಡಿದ ಸಂಗೀತಗಾರ. ಆದರೆ ಗ್ಯಾನ್ಸ್‌ಗೆ ಕ್ಷಯ ಹಿಡಿದಿತ್ತು. 1908ರ ಜುಲೈ 4ರಂದು ಕೋಲ್ಮಾದಲ್ಲಿ ನೆಲ್ಸನ್ ಅವನನ್ನು 17ನೇ ರೌಂಡಿನಲ್ಲಿ ಕೆಡವಿದ. ಸೆಪ್ಟೆಂಬರ್‌ನಲ್ಲಿ ಅಲ್ಲೇ ಇನ್ನೊಮ್ಮೆ, 21ನೇ ರೌಂಡಿನಲ್ಲಿ. ಈ ಎರಡು ಗೆಲುವುಗಳಿಗಾಗಿ ನೆಲ್ಸನ್‌ನನ್ನು ಹೊಗಳುವವರಿದ್ದಾರೆ. ಹೊಗಳಲಿ. ಕೆಮ್ಮುವವನ ಪಕ್ಕೆಗೆ 38 ರೌಂಡ್ ಗುದ್ದಿದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಣ ಹವೆ ಒಳ್ಳೆಯದು ಅಂತ ಗ್ಯಾನ್ಸ್ ಅರಿಜೋನದ ಪ್ರೆಸ್ಕಾಟ್‌ಗೆ ಹೋಗಿ ಇದ್ದ. ಪ್ರಯೋಜನ ಆಗಲಿಲ್ಲ. ಸಾಯುವುದಾದರೆ ಊರಲ್ಲಿ ಅಂತ ರೈಲು ಹತ್ತಿಸಿಕೊಂಡು ಬಂದರು. 1910ರ ಆಗಸ್ಟ್ 10ರಂದು ಬಾಲ್ಟಿಮೋರ್‌ನಲ್ಲಿ ತೀರಿಕೊಂಡ. 35 ವರ್ಷ.

ಅಷ್ಟರಲ್ಲಿ ನೆಲ್ಸನ್‌ನ ಪಟ್ಟವೂ ಹೋಗಿತ್ತು. ಹೋದ ರೀತಿ ಮಾತ್ರ ಘೋರ.

ಆಡ್ ವೋಲ್ಗಾಸ್ಟ್. ಮಿಷಿಗನ್‌ನ ಕ್ಯಾಡಿಲಾಕ್ ಊರಿನವನು, ‘ಮಿಷಿಗನ್ ವೈಲ್ಡ್‌ಕ್ಯಾಟ್’. ನೆಲ್ಸನ್‌ನ ವಿದ್ಯೆಯನ್ನೇ ಕಲಿತವನು, ಅವನಿಗಿಂತ ಚಿಕ್ಕವನು, ಅವನಿಗಿಂತ ಹಟಮಾರಿ. 1909ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಇಬ್ಬರೂ 10 ರೌಂಡ್ ಆಡಿದ್ದರು. ಅದು ತೀರ್ಪಿಲ್ಲದ ಪಂದ್ಯ, ಅಂದರೆ ಗೆದ್ದವರು ಯಾರು ಅಂತ ರೆಫರಿ ಹೇಳದ ಪಂದ್ಯ, ಆದರೆ ಹುಡುಗನೇ ಮೇಲುಗೈ ಅಂತ ಕಂಡಿತ್ತು. ನೆಲ್ಸನ್‌ಗೆ ಅದು ಚುಚ್ಚುತ್ತಿತ್ತು. ಹತ್ತು ರೌಂಡಿನಲ್ಲಿ ಏನು ಗೊತ್ತಾಗುತ್ತೆ, ದೀರ್ಘ ಪಂದ್ಯಕ್ಕೆ ಬಾ ಎಂಬ ಜಿದ್ದು. 1910ರ ಫೆಬ್ರುವರಿ 22, ಕ್ಯಾಲಿಫೋರ್ನಿಯದ ಪಾಯಿಂಟ್ ರಿಚ್‌ಮಂಡ್. 45 ರೌಂಡಿನ ಪಂದ್ಯ. ವೋಲ್ಗಾಸ್ಟ್‌ಗೆ 22 ವರ್ಷ ತುಂಬಿ ಎರಡು ವಾರ. ನೆಲ್ಸನ್‌ಗೆ 27.

ಇಬ್ಬರದೂ ಒಂದೇ ಉಪಾಯ: ಹತ್ತಿರ ನಿಂತು, ತಲೆಗೆ ತಲೆ ಕೊಟ್ಟು, ಮತ್ತೊಬ್ಬ ಕುಸಿಯುವವರೆಗೆ ಹೊಡೆಯುವುದು. ತಪ್ಪಿಸಿಕೊಳ್ಳುವವನು ಯಾರೂ ಇಲ್ಲದ ಪಂದ್ಯ ಹೇಗಿರುತ್ತದೆ ಯೋಚಿಸಿ. 22ನೇ ರೌಂಡಿನಲ್ಲಿ ನೆಲ್ಸನ್ ಹುಡುಗನನ್ನು ಕೆಡವಿದ, ಮುಗಿಯಿತು ಅಂದುಕೊಂಡರು. ಮುಗಿಯಲಿಲ್ಲ. ವೋಲ್ಗಾಸ್ಟ್ ಎದ್ದ, ಅಲ್ಲಿಂದ ಮುಂದೆ ನಿಧಾನವಾಗಿ ನೆಲ್ಸನ್‌ನ ಮುಖ ಹೋಯಿತು. ಕಣ್ಣು ಊದಿ ಮುಚ್ಚಿಕೊಂಡವು. 35 ದಾಟಿದ ಮೇಲೆ ಅವನಿಗೆ ಏಟು ಎಲ್ಲಿಂದ ಬರುತ್ತಿದೆ ಅಂತಲೇ ಕಾಣುತ್ತಿರಲಿಲ್ಲ. 40ನೇ ರೌಂಡಿನಲ್ಲಿ ರೆಫರಿ ಎಡ್ಡಿ ಸ್ಮಿತ್ ನಿಲ್ಲಿಸಿದ. ನೆಲ್ಸನ್‌ಗೆ ಕೋಪ ಬಂತು. ಇನ್ನೂ ಐದು ರೌಂಡ್ ಇದೆಯಲ್ಲ, ಯಾಕೆ ನಿಲ್ಲಿಸಿದೆ ಅಂತ.

ಆ ಕೋಪ ನಿಜವಾದದ್ದು, ಅದೇ ನನಗೆ ಭಯ. ಗ್ಯಾನ್ಸ್ 1900ರಲ್ಲಿ ತಾನೇ ನಿಲ್ಲಿಸಿ ಅಂದ, ಅವನಿಗೆ ಹೇಡಿ ಅಂದರು. ನೆಲ್ಸನ್‌ಗೆ ಬೇರೆಯವರು ನಿಲ್ಲಿಸಿದರೂ ಒಪ್ಪಲಾಗಲಿಲ್ಲ, ಯಾಕೆಂದರೆ ಅವನ ಹೆಸರು, ಅವನ ಮಾರುಕಟ್ಟೆ, ಅವನ ಊಟ ಎಲ್ಲವೂ ಅವನು ನಿಲ್ಲುವುದಿಲ್ಲ ಎಂಬುದರ ಮೇಲೇ ಕಟ್ಟಿದ್ದು.

ವೋಲ್ಗಾಸ್ಟ್ ಎರಡೂ ಮುಕ್ಕಾಲು ವರ್ಷ ಚಾಂಪಿಯನ್ ಆಗಿದ್ದ. 1912ರ ಜುಲೈ 4ರಂದು ವರ್ನನ್‌ನಲ್ಲಿ ಜೋ ರಿವರ್ಸ್ ಜೊತೆ ನಡೆದ ಪಂದ್ಯ ಬಾಕ್ಸಿಂಗ್ ಚರಿತ್ರೆಯ ಅತಿ ವಿಚಿತ್ರ ಪಂದ್ಯಗಳಲ್ಲಿ ಒಂದು. 13ನೇ ರೌಂಡಿನಲ್ಲಿ ಇಬ್ಬರೂ ಒಂದೇ ಕ್ಷಣದಲ್ಲಿ ಹೊಡೆದರು. ರಿವರ್ಸ್‌ನ ಏಟು ವೋಲ್ಗಾಸ್ಟ್‌ನ ದವಡೆಗೆ, ವೋಲ್ಗಾಸ್ಟ್‌ನ ಏಟು ರಿವರ್ಸ್‌ನ ಹೊಟ್ಟೆಗೆ, ಅಥವಾ ಅದಕ್ಕಿಂತ ಕೆಳಗೆ. ಇಬ್ಬರೂ ಬಿದ್ದರು, ಒಬ್ಬನ ಮೇಲೊಬ್ಬ. ರೆಫರಿ ಜ್ಯಾಕ್ ವೆಲ್ಚ್ ಒಂದು ಕೈಯಲ್ಲಿ ರಿವರ್ಸ್‌ಗೆ ಎಣಿಸುತ್ತಾ ಇನ್ನೊಂದು ಕೈಯಲ್ಲಿ ವೋಲ್ಗಾಸ್ಟ್‌ನನ್ನು ಎತ್ತಿ ನಿಲ್ಲಿಸಿದ, ಗೆದ್ದವನು ಇವನೇ ಎಂದ. ಎತ್ತಿ ನಿಲ್ಲಿಸಿದ! ಅವನು ಗೆದ್ದೆ ಅಂತ ತಿಳಿಯುವ ಸ್ಥಿತಿಯಲ್ಲೂ ಇರಲಿಲ್ಲ. ಜನ ರೊಚ್ಚಿಗೆದ್ದರು, ತೀರ್ಪು ಬದಲಾಗಲಿಲ್ಲ. ಅದೇ ವರ್ಷ ನವೆಂಬರ್ 28ರಂದು ವಿಲ್ಲಿ ರಿಚಿ ಎದುರು 16ನೇ ರೌಂಡಿನಲ್ಲಿ ಕುಸಿಯುತ್ತಿದ್ದ ವೋಲ್ಗಾಸ್ಟ್ ಸೊಂಟದ ಕೆಳಗೆ ಹೊಡೆದ. ಫೌಲ್. ಪಟ್ಟ ಹೋಯಿತು. ನಾಕ್‌ಔಟ್ ಆಗುವುದಕ್ಕಿಂತ ಫೌಲ್‌ನಲ್ಲಿ ಸೋಲುವುದು ಮೇಲು ಅಂತ ಬೇಕೆಂದೇ ಮಾಡಿದ ಎಂದು ಹೇಳುವವರು ಬಹಳ.

ಇನ್ನೊಬ್ಬನಿದ್ದ, ಈ ಗದ್ದಲವನ್ನೆಲ್ಲ ಹೊರಗೆ ನಿಂತು ನೋಡುತ್ತಿದ್ದವನು. ಫ್ರೆಡ್ಡಿ ವೆಲ್ಶ್, ವೇಲ್ಸ್‌ನ ಪಾಂಟಿಪ್ರಿದ್‌ನವನು. ಸಸ್ಯಾಹಾರಿ, ಪುಸ್ತಕದ ಹುಳು. ವರ್ಷಗಟ್ಟಲೆ ಚಾಂಪಿಯನ್ ಬೆನ್ನು ಹತ್ತಿದ. 1911ರ ನವೆಂಬರ್‌ನಲ್ಲಿ ವೋಲ್ಗಾಸ್ಟ್ ಜೊತೆ ಪಂದ್ಯ ಗೊತ್ತಾಯಿತು, ಆದರೆ ವೋಲ್ಗಾಸ್ಟ್‌ಗೆ ಅಪೆಂಡಿಸೈಟಿಸ್ ಆಗಿ ತಪ್ಪಿಹೋಯಿತು. ವೆಲ್ಶ್‌ನ ಆಟ ತಡೆಯುವುದು, ತಪ್ಪಿಸುವುದು, ಹತ್ತಿರ ಬಂದಾಗ ಮೂತ್ರಪಿಂಡಕ್ಕೆ ಸದ್ದಿಲ್ಲದೆ ಹೊಡೆಯುವುದು. 1910ರ ಡಿಸೆಂಬರ್‌ನಲ್ಲಿ ಕಾರ್ಡಿಫ್‌ನಲ್ಲಿ ತನ್ನದೇ ನಾಡಿನ ಜಿಮ್ ಡ್ರಿಸ್ಕಾಲ್‌ನನ್ನು ಹೀಗೇ ಕೆಣಕಿ ಕೆಣಕಿ, ಸಭ್ಯತೆಗೆ ಹೆಸರಾಗಿದ್ದ ಡ್ರಿಸ್ಕಾಲ್ ಹತ್ತನೇ ರೌಂಡಿನಲ್ಲಿ ತಲೆಯಿಂದಲೇ ಗುದ್ದಿ ಅನರ್ಹನಾಗುವಂತೆ ಮಾಡಿದ. ಜಿದ್ದು ಅಂದರೆ ಇದು. ಏಟಿಗಿಂತ ಸಿಟ್ಟು ಜಾಸ್ತಿ ಕೆಲಸ ಮಾಡಿದ ಪಂದ್ಯ. 1914ರ ಜುಲೈ 7ರಂದು ಲಂಡನ್ನಿನ ಒಲಿಂಪಿಯಾದಲ್ಲಿ ರಿಚಿಯನ್ನು 20 ರೌಂಡ್ ಪಾಯಿಂಟ್ ಮೇಲೆ ಸೋಲಿಸಿ ವೆಲ್ಶ್ ಕೊನೆಗೂ ಪಟ್ಟ ಹಿಡಿದ. ಆ ಪಂದ್ಯಕ್ಕೆ ರಿಚಿ 25,000 ಡಾಲರ್ ಕೇಳಿ ಪಡೆದಿದ್ದ. ವೆಲ್ಶ್‌ಗೆ ಹೆಚ್ಚುಕಮ್ಮಿ ಏನೂ ಉಳಿಯಲಿಲ್ಲ, ಪಟ್ಟವೊಂದೇ ಸಿಕ್ಕಿದ್ದು.

ಆಮೇಲೆ ಅಮೆರಿಕಕ್ಕೆ ಹೋಗಿ ಆ ಕಾಲದ ತೀರ್ಪಿಲ್ಲದ ಪಂದ್ಯಗಳ ಲಾಭ ಪಡೆದ. ಹಲವು ರಾಜ್ಯಗಳಲ್ಲಿ ರೆಫರಿ ಗೆದ್ದವರ ಹೆಸರು ಹೇಳುವಂತಿರಲಿಲ್ಲ. ನಾಕ್‌ಔಟ್ ಆಗದಿದ್ದರೆ, ಫೌಲ್ ಮಾಡದಿದ್ದರೆ ಚಾಂಪಿಯನ್ ಚಾಂಪಿಯನ್ನೇ. ಮರುದಿನದ ಪೇಪರಿನಲ್ಲಿ ಸೋತ ಅಂತ ಬರೆದರೂ ಪಟ್ಟ ಭದ್ರ. ವೆಲ್ಶ್‌ನಂಥ ತಪ್ಪಿಸಿಕೊಳ್ಳುವವನಿಗೆ ಇದಕ್ಕಿಂತ ಏನು ಬೇಕು? ಮೂರು ವರ್ಷ ನಡೆಯಿತು. ನಂತರ 1917ರ ಮೇ 28ರಂದು ನ್ಯೂಯಾರ್ಕ್‌ನಲ್ಲಿ ಬೆನ್ನಿ ಲಿಯೋನಾರ್ಡ್ ಎಂಬ 21ರ ಹುಡುಗ ಒಂಬತ್ತನೇ ರೌಂಡಿನಲ್ಲಿ ಅವನನ್ನು ಮೂರು ಸಲ ಕೆಡವಿ ನಿಲ್ಲಿಸಿದ. ನ್ಯೂಜೆರ್ಸಿಯಲ್ಲಿ ವೆಲ್ಶ್ ನಡೆಸಿದ ಆರೋಗ್ಯ ಕೇಂದ್ರ ಮುಳುಗಿತು, ದುಡ್ಡು ಹೋಯಿತು. 1927ರ ಜುಲೈನಲ್ಲಿ ನ್ಯೂಯಾರ್ಕ್‌ನ ಒಂದು ಅಗ್ಗದ ಹೋಟೆಲ್ ರೂಮಿನಲ್ಲಿ ಹೆಣವಾಗಿ ಸಿಕ್ಕ. 41 ವರ್ಷ.

ಲಿಯೋನಾರ್ಡ್ ಬಗ್ಗೆ ಬೇರೆಯೇ ಬರೆಯಬೇಕು. ಮ್ಯಾನ್‌ಹಾಟನ್‌ನ ಲೋಯರ್ ಈಸ್ಟ್ ಸೈಡ್‌ನ ಯಹೂದಿ ಹುಡುಗ, ಹುಟ್ಟುಹೆಸರು ಬೆಂಜಮಿನ್ ಲೈನರ್. ನುಣ್ಣಗೆ ಬಾಚಿದ ಕೂದಲು ಪಂದ್ಯ ಮುಗಿದಾಗಲೂ ಕೆದರಿರುವುದಿಲ್ಲ ಅಂತ ಜಂಭ. 1922ರಲ್ಲಿ ಜೆರ್ಸಿ ಸಿಟಿಯಲ್ಲಿ ಎಡಗೈ ಆಟಗಾರ ಲ್ಯೂ ಟೆಂಡ್ಲರ್ ಎಂಟನೇ ರೌಂಡಿನಲ್ಲಿ ಅವನ ಕಾಲು ನಡುಗಿಸಿದಾಗ ಲಿಯೋನಾರ್ಡ್ ಮಾತಿಗೆ ಇಳಿದ. ಏನು ಅಂದ ಅಂತ ಹತ್ತು ಜನ ಹತ್ತು ಥರ ಹೇಳುತ್ತಾರೆ. ಟೆಂಡ್ಲರ್ ಒಂದು ಕ್ಷಣ ನಿಂತು ಕೇಳಿಸಿಕೊಂಡ. ಆ ಕ್ಷಣ ಸಾಕಾಯಿತು. ಮುಂದಿನ ವರ್ಷ ಯಾಂಕಿ ಸ್ಟೇಡಿಯಂನಲ್ಲಿ 15 ರೌಂಡ್ ಆಡಿ ಲಿಯೋನಾರ್ಡ್ ಸ್ಪಷ್ಟವಾಗಿ ಗೆದ್ದ. ಗ್ಯಾನ್ಸ್‌ನ ಕುಂಟುಕಾಲಿನ ವಂಶದವನು ಇವನು. 1920ರ ವಾಕರ್ ಕಾನೂನು ಬಂದ ಮೇಲೆ ನ್ಯೂಯಾರ್ಕ್‌ನಲ್ಲಿ 15 ರೌಂಡ್ ಮಿತಿಯಾಗಿತ್ತು, ತೀರ್ಪು ಕೊಡಲು ಜಡ್ಜ್‌ಗಳಿದ್ದರು. ಬುದ್ಧಿವಂತಿಕೆಗೆ ಪಾಯಿಂಟ್ ಸಿಗುವ ಕಾಲ ಬಂದಿತ್ತು.

ವೋಲ್ಗಾಸ್ಟ್‌ಗೆ ಆ ಕಾಲ ತಡವಾಗಿ ಬಂತು. 1917ರ ಹೊತ್ತಿಗೇ ಅವನ ಬುದ್ಧಿ ಸ್ಥಿಮಿತ ತಪ್ಪಿತ್ತು. ವರ್ನನ್‌ನ ಪ್ರೊಮೋಟರ್ ಜ್ಯಾಕ್ ಡಾಯ್ಲ್ ಅವನನ್ನು ನೋಡಿಕೊಂಡ. ವೋಲ್ಗಾಸ್ಟ್ ದಿನಾ ಬೆಳಿಗ್ಗೆ ಎದ್ದು ಓಡುತ್ತಿದ್ದ, ಅಭ್ಯಾಸ ಮಾಡುತ್ತಿದ್ದ, ದೊಡ್ಡ ಪಂದ್ಯ ಹತ್ತಿರ ಬಂತು ಅಂತ. ಪಂದ್ಯ ಇರಲಿಲ್ಲ. ಇದೆ ಅಂತ ಡಾಯ್ಲ್ ಹೇಳುತ್ತಿದ್ದ, ವರ್ಷಗಟ್ಟಲೆ. 1927ರಲ್ಲಿ ಆಸ್ಪತ್ರೆಗೆ ಸೇರಿಸಿದರು. ಮರುವರ್ಷ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯ ತಲೆಗೆ ಪದೇ ಪದೇ ಬಿದ್ದ ಏಟಿನಿಂದ ಬಾಕ್ಸರ್‌ಗಳಿಗೆ ಬರುವ ಕಾಯಿಲೆಯ ಬಗ್ಗೆ ಮೊದಲ ವೈದ್ಯಕೀಯ ಲೇಖನ ಬರೆದ. ನೆಲ್ಸನ್ 1919ರಲ್ಲಿ ಟೊಲೀಡೊದಲ್ಲಿ ಡೆಂಪ್ಸಿ-ವಿಲ್ಲರ್ಡ್ ಪಂದ್ಯ ನೋಡಲು ಹೋಗಿ, ಬಿಸಿಲು ತಡೆಯಲಾರದೆ ಮಾರಾಟಕ್ಕಿಟ್ಟಿದ್ದ ನಿಂಬೆ ಶರಬತ್ತಿನ ತೊಟ್ಟಿಯಲ್ಲಿ ಸ್ನಾನ ಮಾಡಿದ ಎಂಬ ಕಥೆಯನ್ನು ಎಲ್ಲರೂ ನಗುತ್ತಾ ಹೇಳುತ್ತಾರೆ. ಮೊದಲು ಓದಿದಾಗ ನಾನೂ ನಕ್ಕಿದ್ದೆ. ಈಗ ಬೇರೆ ಏನೋ ಅನುಮಾನ ಬರುತ್ತದೆ. ನೆಲ್ಸನ್ 1954ರ ಫೆಬ್ರುವರಿಯಲ್ಲಿ ಶಿಕಾಗೋದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಸತ್ತ, ಕೈಯಲ್ಲಿ ಕಾಸಿಲ್ಲದೆ. 14 ತಿಂಗಳ ನಂತರ ಕ್ಯಾಲಿಫೋರ್ನಿಯದ ಕಮರಿಲ್ಲೊ ಆಸ್ಪತ್ರೆಯಲ್ಲಿ ವೋಲ್ಗಾಸ್ಟ್. ಪಾಯಿಂಟ್ ರಿಚ್‌ಮಂಡ್‌ನ ಆ ಮಧ್ಯಾಹ್ನ ಗೆದ್ದವನು ಯಾರು ಅಂತ ದಾಖಲೆಯಲ್ಲಿದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಆ ಫಿಲ್ಮ್‌ಗಳನ್ನು ನೋಡುವುದು ಬಿಟ್ಟಿಲ್ಲ. ಬಿಡುವ ಯೋಚನೆಯೂ ಇಲ್ಲ. ಗ್ಯಾನ್ಸ್‌ನ ಜಬ್ ನೋಡುತ್ತಿದ್ದರೆ ಉಳಿದದ್ದು ಮರೆತುಹೋಗುತ್ತದೆ, ಅದೇ ತೊಂದರೆ. ದುಡ್ಡು ಕೊಟ್ಟು ಗೋಲ್ಡ್‌ಫೀಲ್ಡ್‌ನ ಬಿಸಿಲಲ್ಲಿ ಕೂತವರಿಗೂ ನನಗೂ ಎಷ್ಟು ದೂರ ಅಂತ ಹೇಳುವುದು ಕಷ್ಟ.

ಆ ಸಾಲಿನಲ್ಲಿ ನೆಟ್ಟಗೆ ಹೊರಬಂದವನು ಅಂದರೆ ವಿಲ್ಲಿ ರಿಚಿ. ಅವನ ಹೆಸರಿನಲ್ಲಿ ಬಿರುದಿಲ್ಲ, 40 ರೌಂಡಿನ ಪಂದ್ಯವಿಲ್ಲ, ಅಭಿಮಾನಿಗಳು ಅವನ ಬಗ್ಗೆ ಜಗಳವಾಡುವುದೂ ಇಲ್ಲ. ಲಂಡನ್ನಿನಲ್ಲಿ 25,000 ಎಣಿಸಿಕೊಂಡು, ಪಟ್ಟ ಬಿಟ್ಟುಕೊಟ್ಟು ಊರಿಗೆ ಬಂದ. ಮುಂದೆ ಕ್ಯಾಲಿಫೋರ್ನಿಯ ಸರ್ಕಾರದ ಅಥ್ಲೆಟಿಕ್ ಕಮಿಷನ್‌ನಲ್ಲಿ ಮುಖ್ಯ ಇನ್‌ಸ್ಪೆಕ್ಟರ್ ಆಗಿ ಬಹಳ ವರ್ಷ ಕೆಲಸ ಮಾಡಿದ. ಬೇರೆ ಹುಡುಗರ ಪಂದ್ಯಗಳು ನಿಯಮದ ಪ್ರಕಾರ ನಡೆಯುತ್ತಿವೆಯೇ ಅಂತ ನೋಡುವ ಕೆಲಸ. 1975ರವರೆಗೆ ಬದುಕಿದ್ದ. 84 ವರ್ಷ.